ಸಹಾಯ ಬೇಕು: ‘ಸ್ಪಿನ್‌ಸ್ಟರ್’ಗೆ ಕನ್ನಡದಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರತ್ತೆಯ 1987ರ ಲಂಡನ್ ಮದುವೆ ಸರ್ಟಿಫಿಕೇಟನ್ನು ಅಜ್ಜಿಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾವನ ಹೆಸರಿನ ಪಕ್ಕ ‘ಬ್ಯಾಚುಲರ್’, ಅತ್ತೆಯ ಪಕ್ಕ ‘ಸ್ಪಿನ್‌ಸ್ಟರ್’ ಅಂತ ಕಪ್ಪು ಶಾಯಿಯಲ್ಲಿದೆ. ಅತ್ತೆಗೆ ಆಗ ಬರೀ 24!

ಸ್ಪಿನ್‌ಸ್ಟರ್ ಅಂದರೆ ಮೊದಲು ನೂಲು ತೆಗೆಯುವವಳು ಅಂತಷ್ಟೇ. ಆಮೇಲೆ ಮದುವೆಯಾಗದ ಹೆಣ್ಣು ಅಂತಾಯಿತು. ಬರುಬರುತ್ತಾ, ವಯಸ್ಸಾದರೂ ಗಂಡು ಸಿಗದವಳು ಅನ್ನೋ ಚುಚ್ಚುಮಾತೂ ಆಯಿತು. ಬ್ಯಾಚುಲರ್‌ಗೆ ಆ ಚುಚ್ಚು ಇಲ್ಲ. ಇದು ಅನ್ಯಾಯ ಅಲ್ವಾ? ಇಂಗ್ಲೆಂಡಿನಲ್ಲೇ 2005ರಲ್ಲಿ ಎರಡನ್ನೂ ಬಿಟ್ಟು ‘ಸಿಂಗಲ್’ ಅಂತ ಬರೆಯಲು ಶುರು ಮಾಡಿದರು.

‘ಬ್ರಹ್ಮಚಾರಿ’ ಅಂದರೆ ಬೇರೆಯೇ ಅರ್ಥ ಬರುತ್ತದೆ. ‘ಕನ್ಯೆ’ ಅಂತೂ ಬೇಡ. ‘ಅವಿವಾಹಿತೆ’ ಅಜ್ಜಿಗೆ ಪುಸ್ತಕದ ಮಾತು. ಇಬ್ಬರಿಗೂ ‘ಮೊದಲು ಮದುವೆಯಾಗಿಲ್ಲ’ ಅಂತ ಒಂದೇ ಥರ ಬರೆದರೆ ಸಾಕಾ? ನಿಮ್ಮ ಕಡೆ ಇದಕ್ಕಿಂತ ಒಳ್ಳೆ ಪದ ಇದ್ದರೆ ದಯವಿಟ್ಟು ತಿಳಿಸಿ.