ಪದ ಬೇಕು, ಇವತ್ತೇ: ‘ಸ್ಕಿಪ್ ಜೋನ್’

ಎಲ್ಲರಿಗೂ ನಮಸ್ಕಾರ. ನಾಡಿದ್ದು ನಮ್ಮ ಹ್ಯಾಮ್ ರೇಡಿಯೋ (ಹವ್ಯಾಸಿ ರೇಡಿಯೋ) ಬಳಗದ ಪ್ರದರ್ಶನ. ಸಂಜೆಯೊಳಗೆ ಬೋರ್ಡ್ ಬರೆಯುವವರಿಗೆ ಬರಹ ಕೊಡಬೇಕು. ಮಧ್ಯಾಹ್ನ 14 ಮೆಗಾಹರ್ಟ್ಸ್‌ನಲ್ಲಿ ಬೆಂಗಳೂರಿನಿಂದ ಕರೆದರೆ ದೆಹಲಿಯವರು ಪಕ್ಕದ ಮನೆಯಲ್ಲಿದ್ದಂತೆ ಸಿಗುತ್ತಾರೆ. ಮೈಸೂರಿನವರು ಮಾತ್ರ ಇಲ್ಲವೇ ಇಲ್ಲ. ನೆಲದ ಗುಂಟ ಹೋಗುವ ಅಲೆ ಅಷ್ಟು ದೂರ ಮುಟ್ಟಲ್ಲ, ಮೇಲಿಂದ ಇಳಿಯುವ ಅಲೆ ಅವರನ್ನು ದಾಟಿ ಬೀಳುತ್ತೆ. ಆ ನಡುವಿನ ಜಾಗಕ್ಕೆ ಏನನ್ನೋಣ? ‘ನಿಶ್ಶಬ್ದ ವಲಯ’ ಅಂದರೆ ಆಸ್ಪತ್ರೆ ಮುಂದಿನ ಬೋರ್ಡ್ ಆಗುತ್ತೆ. ಇನ್ನು, ಅಲೆ ಮೇಲಿಂದ ಇಳಿಯೋದಕ್ಕೆ ‘ಅಯಾನುಗೋಳದಿಂದ ಪ್ರತಿಫಲನ’ ಅನ್ನೋದು ಸರಿನಾ? (ಅಯಾನುಗೋಳ ಅಂದರೆ ಐಯನೋಸ್ಫಿಯರ್, ವಿದ್ಯುದಾವೇಶದ ಕಣಗಳಿರುವ ಮೇಲಿನ ವಾತಾವರಣ.)

ಮರು: ಸ್ಕಿಪ್ ಜೋನ್
ತಪ್ಪು. ಅಲ್ಲೇನು ಕನ್ನಡಿ ಇಟ್ಟಿದ್ದಾರೆಯೇ? ಅಯಾನುಗೋಳದ 200-300 ಕಿ.ಮೀ. ಎತ್ತರದ ಎಫ್ ಪದರದಲ್ಲಿ ಮೇಲೇರಿದಂತೆ ಎಲೆಕ್ಟ್ರಾನುಗಳು ದಟ್ಟವಾಗುತ್ತವೆ. ಅಲೆ ಒಂದೇಟಿಗೆ ತಿರುಗದೆ ಸ್ವಲ್ಪ ಸ್ವಲ್ಪವೇ ಬಾಗಿ ನೆಲಕ್ಕೆ ಬರುತ್ತದೆ. ಅದು ವಕ್ರೀಭವನ. ಇನ್ನು ‘ಅಯಾನು’, ಅಂದರೆ ಇಂಗ್ಲಿಷಿನ ‘ಐಯಾನ್’. ವಿಜ್ಞಾನಿ ಫ್ಯಾರಡೆ 1834ರಲ್ಲಿ ಬಳಸಿದ ಆ ಗ್ರೀಕ್ ಪದದ ಅರ್ಥ ‘ಹೋಗುವಂಥದ್ದು’. ಉತ್ತರಾಯಣದ ‘ಅಯನ’ಕ್ಕೂ ಅದೇ ಬೇರು. ‘ಅಯನಗೋಳ’ ಅನ್ನಿ ಎಂದು ಹಿಂದೆಯೂ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರು: ಮರು: ಸ್ಕಿಪ್ ಜೋನ್
ಅಯನಗೋಳ ಅಂದರೆ ಜನ ಪಂಚಾಂಗ ತೆಗೀತಾರೆ ಸರ್. ‘ಬಾಗು’ ಇರುವಾಗ ‘ವಕ್ರೀಭವನ’ ಯಾಕೆ? ಸಂಸ್ಕೃತದಿಂದ ತಂದರೆ ಸ್ವಂತದ್ದು, ಇಂಗ್ಲಿಷಿನಿಂದ ತಂದರೆ ಸಾಲ, ಯಾವ ಲೆಕ್ಕ ಇದು? ಕೇಳಿದ ಪದಕ್ಕೆ ಬರೋಣ. ಘಟ್ಟದ ಆಚೆಗೆ ‘ಮಳೆನೆರಳು’ ಅಂತೀವಲ್ಲ, ಹಾಗೆ ‘ಅಲೆನೆರಳು’.

ಮರು: ಮರು: ಸ್ಕಿಪ್ ಜೋನ್
ನೆರಳಿಗೆ ಅಡ್ಡ ಏನಾದರೂ ಇರಬೇಕು. ಗುಡ್ಡದ ಹಿಂದೆ ಸಿಗ್ನಲ್ ಸಿಗದ ಜಾಗಕ್ಕೆ ಆ ಪದ ಉಳಿಸಿಕೊಳ್ಳಿ. ಇಲ್ಲಿ ಅಡ್ಡ ಏನೂ ಇಲ್ಲ. ಕೆರೆ ಮೇಲೆ ಬಿಲ್ಲೆಕಲ್ಲು ಬೀಸಿಲ್ವಾ? ತಾಗಿದ ಕಡೆ ಉಂಗುರ ಏಳುತ್ತೆ, ನಡುವಿನ ನೀರಿಗೆ ಗೊತ್ತೇ ಆಗಲ್ಲ. ಅಲೆ ಕುಪ್ಪಳಿಸುತ್ತೆ, ಅಷ್ಟೇ. ಮತ್ತೆ, ‘ಸ್ಕಿಪ್’ ಅಂತಲೇ ಬರೆದರೆ ಯಾರ ಗಂಟೇನು ಹೋಗುತ್ತೆ?

ಮರು: ಮರು: ಸ್ಕಿಪ್ ಜೋನ್
‘ಅಲೆ ದಾಟಿದ ಜಾಗ’ ಅಂತ ಕೊಟ್ಟುಬಿಟ್ಟೆ, ಕೆಳಗೆ ಸಣ್ಣದಾಗಿ ‘ಸ್ಕಿಪ್ ಜೋನ್’. ‘ವಕ್ರೀಭವನ’ದ ಬದಲು ‘ಬಾಗಿ ಬರುತ್ತದೆ’. ಅಯಾನುಗೋಳ ಹಾಗೇ ಇದೆ, ಕ್ಷಮಿಸಿ ಸರ್. ಚರ್ಚೆ ನೀವು ಮುಂದುವರಿಸಿ. ಪೇಂಟರ್ ಅಕ್ಷರಕ್ಕೆ ಇಷ್ಟು ಅಂತ ದುಡ್ಡು ತಗೋತಾನೆ.