ಜಗುಲಿಯ ಮೇಲೊಂದು ಲೇಔಟ್

ಏಪ್ರಿಲ್ ತಿಂಗಳ ಸಂಜೆ. ಶಿರಸಿ ಸೀಮೆಯ ನಮ್ಮ ಮನೆ ಜಗುಲಿ. ಮುರುಗಲು ಪಾನಕ ಮುಗಿದು ಕವಳದ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಮೇಲಿನಮನೆ ಭಾವ ಬೆರಳಿಗೆ ಸುಣ್ಣ ತೆಗೆದುಕೊಂಡ. ಎಲೆಗೆ ಹಚ್ಚಲಿಲ್ಲ, ನೆಲದ ಮೇಲೆ ಗೆರೆ ಎಳೆದ.

"ಇದು ನನ್ನ ಬ್ಯಾಣ, ಹುಲ್ಲು ಬೆಳೆಯೋ ಜಾಗ. ಒಂದು ಎಕರೆ ಅಂದ್ರೆ 40 ಗುಂಟೆ. ಗುಂಟೆಗೆ 1,089 ಚದರಡಿ. 30-40ರ ಸೈಟು ಮಾಡಿದ್ರೆ 36 ಬರ್ತದೆ."

"ಅವರೆಲ್ಲ ಮನೆಗೆ ಹೋಗೋದು ಹೆಲಿಕಾಪ್ಟರಿನಲ್ಲಾ?" ಅಂದರು ಮೇಷ್ಟ್ರು. "ರಸ್ತೆ, ಗಟಾರ, ಪಾರ್ಕು ಬಿಟ್ಟು 20 ಉಳಿದರೆ ನಿನ್ನ ಪುಣ್ಯ."

"ಪಾರ್ಕು ಯಾಕೆ ಮಾರಾಯ್ರೇ? ಸುತ್ತ ಕಾಡೇ ಇದ್ಯಲ್ಲ!"

ಇದಕ್ಕೆ ಮೇಷ್ಟ್ರ ಹತ್ತಿರವೂ ಉತ್ತರ ಇರಲಿಲ್ಲ.

ಕೆಳಗಿನಮನೆ ಮಾವನಿಗೆ ಮಾತ್ರ 20 ಅಂದದ್ದೇ ಕವಳ ನೆತ್ತಿಗೇರಿತು. "ಕೇರಿಯಲ್ಲಿ ಇರೋದೇ 7 ಮನೆ. ಗುಡ್ಡದಿಂದ ಇಳಿದು ಬರೋ ಅಬ್ಬಿ ನೀರಿನ ಜಗಳ ಮೂರು ತಲೆಮಾರಿನಿಂದ ಮುಗಿದಿಲ್ಲ. ಇನ್ನು 20 ಮನೆ ಬಂದರೆ ಯಾರ ಜೊತೆ ಮಾತು ಬಿಟ್ಟಿದ್ದೇನೆ ಅಂತ ನೆನಪಿಡೋದು ಹೇಗೆ?"

ಕುಮಟೆಯ ಗೆಳೆಯ ನಕ್ಕ. ಅವನು ಘಟ್ಟದ ಕೆಳಗಿನವನು. "ನಮ್ಮಲ್ಲಿ ಒಬ್ಬ ಕೆಮ್ಮಿದರೆ ಪಕ್ಕದ ಮನೆಯಲ್ಲಿ ಕಷಾಯ ಕುದೀತದೆ. ಇಲ್ಲಿ ನೀವು ಜಾರಿ ಬಿದ್ದರೂ ಊರಿಗೆ ಗೊತ್ತಾಗೋದು ಮರುದಿನವೇ."

ಅದೂ ಸುಳ್ಳಲ್ಲ. ನಮ್ಮಲ್ಲಿ ತೋಟಕ್ಕೊಂದು ಮನೆ, ಮನೆಗೂ ಮನೆಗೂ ಒಂದು ಕೂಗಳತೆ. ಮಾವನ ಮನೆಯಲ್ಲಿ 14 ಕೋಣೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಉಳಿದದ್ದು ಮಾವ, ಅತ್ತೆ. ತಲೆಗೆ 7 ಕೋಣೆ ಬಂತು. ನಾಯಿಯನ್ನೂ ಲೆಕ್ಕಕ್ಕೆ ಹಿಡಿದರೆ ಸ್ವಲ್ಪ ಇಕ್ಕಟ್ಟು.

"ಬ್ಯಾಣ ಬೇಡ ಅಂದ್ರೆ ಬೆಟ್ಟದಲ್ಲೇ ಸೈಟು ಮಾಡ್ತೇನೆ," ಭಾವ ಸುಣ್ಣದ ಗೆರೆ ಹಿಗ್ಗಿಸಿದ. "ಎಕರೆ ತೋಟಕ್ಕೆ 9 ಎಕರೆ ತನಕ ಬೆಟ್ಟ ಅಂತ ಇದ್ಯಲ್ಲ?"

"ತಮಾ, ಅದು ಸೊಪ್ಪಿನ ಬೆಟ್ಟ. ನೆಲ ಸರ್ಕಾರದ್ದು. ನಿನಗಿರೋದು ಸೊಪ್ಪು, ಒಣಗಿ ಉದುರಿದ ದರಕು ತರುವ ಹಕ್ಕು," ಅಂದರು ಮೇಷ್ಟ್ರು. "ದರಕಿನ ಮೇಲೆ ಮನೆ ಕಟ್ಟೋರು ಸಿಕ್ಕಿದ್ರೆ ಮಾರು."

ಭಾವ ಸೋಲುವವನಲ್ಲ. ಬ್ಯಾಣಕ್ಕೇ ವಾಪಸು ಬಂದ. ಎನ್.ಎ., ಅಂದರೆ ಕೃಷಿಯೇತರ ಜಾಗ, ಮಾಡಿಸುತ್ತಾನಂತೆ. ಗಿರಾಕಿಗೂ ಬರವಿಲ್ಲವಂತೆ. ಮೊದಲು ಕೃಷಿಕರಲ್ಲದವರಿಗೆ ಜಮೀನು ಕೊಳ್ಳಲು ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ಅಡ್ಡ ಇತ್ತು. 2020ರ ತಿದ್ದುಪಡಿಯಲ್ಲಿ ಅದೂ ಹೋಯಿತು. "ಪ್ಯಾಟೆಯವರು ಬರ್ತಾರೆ, ಶಾಲೆಗೆ ಮಕ್ಕಳು ಬರ್ತಾರೆ, ಅಂಗಡಿ ಬರ್ತದೆ." ಶಾಲೆ ಅಂದಾಗ ಮೇಷ್ಟ್ರು ಸ್ವಲ್ಪ ಮೆತ್ತಗಾದರು. ಅವರು ನಿವೃತ್ತರಾದ ವರ್ಷ ಒಂದನೇ ಕ್ಲಾಸಿಗೆ ಇದ್ದದ್ದು ಒಂದೇ ಹುಡುಗಿ. ಯಾವಾಗಲೂ ಅವಳೇ ಫಸ್ಟು.

ನನಗೆ ಹೆದರಿಕೆ ಮನೆಯದಲ್ಲ, ಗುಂಡಿಯದು. 20 ಮನೆ ಅಂದರೆ 20 ಪಾಯಿಖಾನೆ ಗುಂಡಿ. ಬ್ಯಾಣ ಮೇಲೆ, ನಮ್ಮ ಬಾವಿ ಕೆಳಗೆ. ನಡುವೆ ಜಂಬಿಟ್ಟಿಗೆ ನೆಲ, ಜರಡಿ ಇದ್ದ ಹಾಗೆ. ಇದನ್ನು ಹೇಳಿದೆ.

"ಬೋರ್ ಹೊಡೆಸಿದ್ರಾಯ್ತು," ಅಂದ ಭಾವ. ಅವನ ತೋಟದಲ್ಲೇ ಎರಡು ಬೋರ್ ಹೊಡೆಸಿದ್ದ. ಎರಡರಲ್ಲೂ ಬಂದದ್ದು ಧೂಳು. ಯಾರೂ ನೆನಪು ಮಾಡಲಿಲ್ಲ, ಪಾಪ.

ಅಷ್ಟರಲ್ಲಿ ಒಳಗಿಂದ ಅಕ್ಕಯ್ಯ ಬಂದಳು. ನೆಲ ನೋಡಿದಳು.

"ಯಾರು ಸುಣ್ಣ ಬಳಿದದ್ದು?"

ಇಡೀ ಲೇಔಟ್ ಗಪ್‌ಚುಪ್.

"ಕರೆಂಟಿಲ್ಲ, ಪಂಪು ಓಡೋದಿಲ್ಲ. ಭಾವ, ಎರಡು ಕೊಡ ನೀರು ಸೇದ್ಕೊಂಡು ಬಾ. ಇದನ್ನ ನೀನೇ ಒರೆಸು."

ಭಾವ ಕೊಡ ಹಿಡಿದು ಹೋದ. ರಾಟೆ ಕಿರುಗುಟ್ಟಿತು. ತುಂಬ ಹೊತ್ತು ಕಿರುಗುಟ್ಟಿತು. ಕೊಡ ನೀರಿಗೆ ಬಿದ್ದ ಸದ್ದು ಮಾತ್ರ ಬರಲಿಲ್ಲ. ಆಮೇಲೆ ಬಾವಿಕಟ್ಟೆಯಿಂದ ಕೂಗು ಕೇಳಿತು:

"ಅಕ್ಕಯ್ಯಾ, ಇನ್ನೊಂದು ತುಂಡು ಹಗ್ಗ ಇದ್ಯಾ?"