50 ಮೆಗಾಪಿಕ್ಸೆಲ್ ಫೋನ್ ಇರುವಾಗ 24ರ ಡಿಎಸ್‌ಎಲ್‌ಆರ್ ಯಾಕೆ?

ಪ್ರಶ್ನೆ: ಮೇಡಂ, ಪರಿಚಯದವರೊಬ್ಬರು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ತಗೊಂಡು, ತಮ್ಮ ನಿಕಾನ್ ಡಿ5600 ಡಿಎಸ್‌ಎಲ್‌ಆರ್ ಬಾಡಿ ಮತ್ತು ಅದರ ಜೊತೆಗೆ ಬಂದ 18-55 ಮಿ.ಮೀ. ಕಿಟ್ ಲೆನ್ಸ್ ಮಾರ್ತಿದ್ದಾರೆ. ಅದು 24 ಮೆಗಾಪಿಕ್ಸೆಲ್, ನನ್ನ ಫೋನೇ 50. ಮಗಳು ಓಟಕ್ಕೂ ನಾಟಕಕ್ಕೂ ಸೇರಿದ್ದಾಳೆ, ಫೋನಿನಲ್ಲಿ ಎರಡೂ ಕಲಸಿದ ಹಾಗೆ ಬರುತ್ತೆ. ತಗೊಂಡರೆ ಪ್ರಯೋಜನ ಇದೆಯಾ?

ಉತ್ತರ: ಮೆಗಾಪಿಕ್ಸೆಲ್ ಲೆಕ್ಕ ಬದಿಗಿಡಿ, ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್‌ನ ಅಳತೆ ನೋಡಿ. ಡಿ5600ರ ಸೆನ್ಸರ್ 23.5×15.6 ಮಿ.ಮೀ. ಫೋನುಗಳಲ್ಲಿ ಬರುವ 1/2 ಇಂಚು ವರ್ಗದ ಸೆನ್ಸರ್ ಸುಮಾರು 6.4×4.8 ಮಿ.ಮೀ. ವಿಸ್ತೀರ್ಣದಲ್ಲಿ ಹತ್ತಿರ ಹತ್ತಿರ 12 ಪಟ್ಟು ವ್ಯತ್ಯಾಸ. ಕತ್ತಲೆಯಲ್ಲಿ ಇದೇ ಕೈ ಹಿಡಿಯೋದು. ಹಗಲಲ್ಲಿ, ನಿಂತವರನ್ನು ತೆಗೆಯೋದಾದರೆ ನಿಮ್ಮ ಫೋನೇ ಸಾಕು, ಅದರಲ್ಲಿ ಮುಚ್ಚುಮರೆ ಇಲ್ಲ.

ಓಟದ ವಿಷಯ ಬೇರೆ. ಡಿಎಸ್‌ಎಲ್‌ಆರ್ ಒಳಗೆ ಒಂದು ಕನ್ನಡಿ ಓರೆಯಾಗಿ ನಿಂತಿರುತ್ತೆ. ಲೆನ್ಸಿನಿಂದ ಬಂದ ಬೆಳಕನ್ನು ಮೇಲಕ್ಕೆ, ನಿಮ್ಮ ಕಣ್ಣಿಗೆ ಕಳಿಸುತ್ತೆ. ವ್ಯೂಫೈಂಡರಿನಲ್ಲಿ ಕಾಣೋದು ಸ್ಕ್ರೀನಿನ ಚಿತ್ರ ಅಲ್ಲ, ನೇರ ಬೆಳಕು, ಹಾಗಾಗಿ ತಡ ಅನ್ನೋದೇ ಇಲ್ಲ. ಬೆಳಕಿನ ಒಂದು ಪಾಲು ಕೆಳಗಿರುವ ಫೋಕಸ್ ಸೆನ್ಸರಿಗೆ ಹೋಗುತ್ತೆ. ಲೆನ್ಸ್ ಯಾವ ಕಡೆ, ಎಷ್ಟು ತಿರುಗಬೇಕು ಅನ್ನೋದು ಅದಕ್ಕೆ ಒಂದೇ ಸಲಕ್ಕೆ ತಿಳಿಯುತ್ತೆ. ಎಎಫ್-ಸಿ ಮೋಡ್ (ಓಡುವವರ ಮೇಲೆ ಫೋಕಸ್ ಬಿಡದೆ ಹಿಡಿಯೋದು) ಹಾಕಿ, ಶಟರ್ 1/1000 ಸೆಕೆಂಡಿಗೆ ಇಟ್ಟು, ಬಟನ್ ಅರ್ಧ ಒತ್ತಿ ಮಗಳನ್ನು ಹಿಂಬಾಲಿಸಿ. ಹತ್ತಿರ ಬಂದಾಗ ಪೂರ್ತಿ ಒತ್ತಿ ಹಿಡಿದರೆ ಸೆಕೆಂಡಿಗೆ 5 ಫೋಟೊ. ಆದರೆ 55 ಮಿ.ಮೀ.ಗೆ ಮೈದಾನದ ಆಚೆ ತುದಿ ಸಿಗಲ್ಲ, ಗೆರೆಯ ಹತ್ತಿರ ನಿಲ್ಲಿ.

ಪ್ರಶ್ನೆ: ನಾಟಕಕ್ಕೂ ಇದೇ ಕಿಟ್ ಲೆನ್ಸ್ ಆಗುತ್ತಾ?

ಉತ್ತರ: ಕಷ್ಟ. ಜೂಮ್ ಮಾಡಿ 55ಕ್ಕೆ ಹೋದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/5.6ಕ್ಕಿಂತ ಅಗಲ ತೆರೆಯಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು). 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬರುತ್ತೆ. ಅಂದರೆ ಕಿಟ್ ಲೆನ್ಸಿನಲ್ಲಿ ಶಟರ್ 1/25 ಸೆಕೆಂಡ್ ಬೇಕಾದ ಕಡೆ ಇದರಲ್ಲಿ 1/250 ಸಿಗುತ್ತೆ, ಐಎಸ್‌ಒ (ಬೆಳಕನ್ನು ಹಿಗ್ಗಿಸುವ ಸೆಟ್ಟಿಂಗ್) ಮುಟ್ಟೋದೇ ಬೇಡ. 1/25ರಲ್ಲಿ ಕೈ ಬೀಸಿದರೆ ಕೈ ಮಾಯ, 1/250ರಲ್ಲಿ ಬೆರಳು ಎಣಿಸಬಹುದು. ಲೆನ್ಸ್ ಬದಲಾಯಿಸಬಹುದು ಅನ್ನೋ ಈ ಒಂದು ಅನುಕೂಲಕ್ಕೇ ನಾನು ಡಿಎಸ್‌ಎಲ್‌ಆರ್ ತಗೊಳ್ಳಿ ಅನ್ನೋದು. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಇಲ್ಲಿ ಬಹಳ ಜನ ಬೀಳುವ ಗುಂಡಿ ಒಂದಿದೆ. ಡಿ5600 ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ಹಳೆ ಎಎಫ್ 50 ಎಫ್/1.8ಡಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಹೆಸರಿನಲ್ಲಿ ಎಎಫ್-ಎಸ್ ಇರೋದು, ಕೊನೆಗೆ 1.8ಜಿ ಅಂತ ಇರೋದು ನೋಡಿ ತಗೊಳ್ಳಿ.

ಇನ್ನೊಂದು, ನಾಟಕವನ್ನು ರಾ ಫೈಲಿನಲ್ಲೇ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲ್) ತೆಗೀರಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ, 14 ಬಿಟ್ ರಾನಲ್ಲಿ 16,384. ಕೆಂಪು ದೀಪದಲ್ಲಿ ಮುಖ ಕೆಟ್ಟಿದ್ದರೂ ಕೂತು ಸರಿಪಡಿಸೋಕೆ ಜಾಗ ಇರುತ್ತೆ. ಪ್ರತಿ ಫೋಟೊಗೂ ಕನ್ನಡಿ ಮೇಲೇಳೋ ಸದ್ದು ಮಾತ್ರ ಸಭಾಂಗಣದಲ್ಲಿ ಕೇಳಿಸುತ್ತೆ. ಕ್ವಯಟ್ ಮೋಡ್ ಹಾಕಿದರೂ ಪೂರ್ತಿ ನಿಲ್ಲಲ್ಲ.

ಇನ್ನೊಬ್ಬ ಸದಸ್ಯರು: ಡಿಎಸ್‌ಎಲ್‌ಆರ್ ಕಾಲ ಮುಗೀತಲ್ವಾ ಮೇಡಂ? ಇವರಿಗೆ ಮಿರರ್‌ಲೆಸ್ಸೇ ಹೇಳಬಹುದಿತ್ತು.

ಉತ್ತರ: ನೀವು ಹೇಳೋದು ಸುಳ್ಳಲ್ಲ. ಡಿಎಸ್‌ಎಲ್‌ಆರ್‌ಗಳಾದ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3, ನಿಕಾನ್ ಡಿ6 ಎರಡೂ ಬಂದಿದ್ದು 2020ರಲ್ಲಿ. ಅದಾದ ಮೇಲೆ ಇಬ್ಬರ ಗಮನವೂ ಮಿರರ್‌ಲೆಸ್ ಕಡೆಗೇ. ಕಣ್ಣು ಹುಡುಕಿ ಫೋಕಸ್ ಮಾಡೋದರಲ್ಲಿ, ವಿಡಿಯೊದಲ್ಲಿ ಅವೇ ಮುಂದೆ. ಫೋಟೊ ಎಷ್ಟು ಬೆಳ್ಳಗೆ ಬರುತ್ತೆ ಅನ್ನೋದು ಅವುಗಳ ವ್ಯೂಫೈಂಡರಿನಲ್ಲಿ ಮೊದಲೇ ಕಾಣುತ್ತೆ, ಡಿಎಸ್‌ಎಲ್‌ಆರ್‌ನಲ್ಲಿ ಮೀಟರ್ ಓದಿ ಅಂದಾಜು ಮಾಡಬೇಕು. ಆದರೆ ಇವರ ಕೇಸು ಸೆಕೆಂಡ್ ಹ್ಯಾಂಡ್. ಡಿ5600ರಲ್ಲಿ ಒಂದು ಚಾರ್ಜಿಗೆ ಕಂಪನಿ ಲೆಕ್ಕದಲ್ಲೇ 970 ಫೋಟೊ. ಇದಕ್ಕೆ ಲೆನ್ಸ್ ಕೂರುವ ನಿಕಾನ್ ಎಫ್ ಮೌಂಟ್ 1959ರಿಂದ ಇದೆ, ಬಳಸಿದ ಲೆನ್ಸಿಗೆ ಬರ ಇಲ್ಲ. ಮುಂದೆ ನಿಕಾನ್ ಮಿರರ್‌ಲೆಸ್‌ಗೆ ಹೋದರೂ ನಡುವೆ ಎಫ್‌ಟಿಝಡ್ ಅನ್ನೋ ಜೋಡಿಸುವ ಅಡಾಪ್ಟರ್ ಹಾಕಿದರೆ ಆ ಎಎಫ್-ಎಸ್ 50 ಆಟೋಫೋಕಸ್ ಸಮೇತ ನಡೆಯುತ್ತೆ.

ಪ್ರಶ್ನೆ: ನಾಳೆ ನೋಡೋಕೆ ಹೋಗ್ತಿದ್ದೀನಿ. ಏನು ಪರೀಕ್ಷೆ ಮಾಡಲಿ?

ಉತ್ತರ: ಒಂದು ಫೋಟೊ ತೆಗೆದು ಫೈಲ್ ತಂದುಕೊಳ್ಳಿ, ಅದರೊಳಗೆ ಸೇರಿರುವ ಎಕ್ಸಿಫ್ ಮಾಹಿತಿಯಲ್ಲಿ ಶಟರ್ ಕೌಂಟ್ (ಕ್ಯಾಮೆರಾ ಈವರೆಗೆ ಎಷ್ಟು ಫೋಟೊ ತೆಗೆದಿದೆ ಅನ್ನೋ ಲೆಕ್ಕ) ಸಿಗುತ್ತೆ. ಎಫ್/16 ಇಟ್ಟು ಬರೀ ಆಕಾಶ ತೆಗೀರಿ, ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆ ಕಾಣುತ್ತೆ. ಧೂಳಿಗೆ ಹೆದರಬೇಡಿ, ಕ್ಲೀನ್ ಮಾಡಿಸಬಹುದು. ಆಮೇಲೆ ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಹಾಗಿದ್ದರೆ ಲೆನ್ಸ್ ಬೇಡ ಅನ್ನಿ, ಕ್ಯಾಮೆರಾ ಬಾಡಿಯ ರೇಟು ಮಾತ್ರ ಮಾತಾಡಿ.